ಹೇಳು, ಅದ್ಯಾವ ಬಣ್ಣ?

ಮಕ್ಕಳೇ, ನಮ್ಮ ಬೀದರಿನಲ್ಲಿ ಶ್ರಾವಣದ ಮಳೆ ಹಿಡಿಯಿತೆಂದರೆ ಒಂದು ತರಹ ಹಟಮಾರಿ. ಜೋರಾಗಿ ಸುರಿದು ಮುಗಿಸುವುದೂ ಇಲ್ಲ, ನಿಲ್ಲುವುದೂ ಇಲ್ಲ. ಅಜ್ಜಿ ಹಿಟ್ಟು ಸಾಣಿಸಿದ ಹಾಗೆ ದಿನವಿಡೀ ಜಿಟಿಜಿಟಿ. ಮೂರು ವಾರದ ಹಿಂದೆ ಅಂಥದೇ ಒಂದು ದಿನ ಭಾಲ್ಕಿಯಿಂದ ನನ್ನ ಗೆಳೆಯ ಬಂದ. ಔರಾದದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿ ನಿವೃತ್ತನಾದವನು. ಈಗ ಭಾಲ್ಕಿಯಲ್ಲಿ ಮಗನ ಮನೆಯಲ್ಲಿದ್ದಾನೆ. ನಾವೆಲ್ಲ ಅವನನ್ನು ಮಾಸ್ತರ ಎಂದೇ ಕರೆಯುವುದು. ಅವನ ಹೆಂಡತಿ ಕೂಡ ಹಾಗೆಯೇ ಕರೆಯುತ್ತಾರೆ.

ಅವನು ಬಂದದ್ದು ಕಣ್ಣು ತೋರಿಸಲು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಡಾಕ್ಟರು ನೋಡಿ, ಮುಂದಿನ ವಾರ ಬಲಗಣ್ಣಿನ ಆಪರೇಷನ್ ಎಂದು ಚೀಟಿ ಬರೆದರು. ರಕ್ತಪರೀಕ್ಷೆಯ ರಿಪೋರ್ಟು ಸಾಯಂಕಾಲ ನಾಲ್ಕಕ್ಕೆ ಸಿಗುತ್ತದೆ ಎಂದರು. ಆಗಿನ್ನೂ ಹನ್ನೊಂದು ಗಂಟೆ. ಮನೆಗೆ ಹೋಗಿ ಉಂಡು ಮಲಗೋಣ ಎಂದು ನನ್ನ ಲೆಕ್ಕ.

"ಕೋಟಿಗೆ ನಡಿ. ಮ್ಯೂಸಿಯಂ ನೋಡಿ ಬರಮ್ಮು" ಎಂದ ಮಾಸ್ತರ.

"ಎದುರಿಗಿದ್ದ ಬಸ್ಸಿನ ಬೋರ್ಡ್ ಕಾಣಲ್ಲ ನಿನಗ, ಮ್ಯೂಸಿಯಂದಾಗ ಏನ್ ನೋಡ್ತಿ?"

"ನೀ ಇದ್ದಿಯಲ್ಲ. ನೀ ನೋಡು, ನನಗ ಹೇಳು."

ಆಟೋ ಹಿಡಿದು ಹೊರಟೆವು. ಬೀದರಿನ ಕೋಟೆ ನಿಂತಿರುವುದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಆ ಕಲ್ಲನ್ನೇ ಕಡಿದು ದಕ್ಷಿಣದ ಕಡೆ ಒಂದರ ಪಕ್ಕ ಒಂದರಂತೆ ಮೂರು ಕಂದಕ ತೋಡಿದ್ದಾರೆ. ಮಳೆ ಬಂದಾಗ ಗೋಡೆಯ ಮೇಲಿಂದ ಇಳಿಯುವ ನೀರೂ ಕೆಂಪು. 1503ರಲ್ಲಿ ಕಟ್ಟಿದ ಶರ್ಜಾ ದರ್ವಾಜಾದ ಕೆಳಗೆ ಆಟೋ ದಾಟುವಾಗ, ಮೇಲೆ ಕಲ್ಲಿನಲ್ಲಿ ಕೆತ್ತಿದ ಎರಡು ಹುಲಿಗಳು ತೊಯ್ದು ಮಿಂಚುತ್ತಿದ್ದವು. "ಹುಲಿ ಹ್ಯಾಂಗ ಅವ?" ಎಂದ. "ನಮ್ಮಂಗೇ, ತೊಯ್ದಾವ" ಎಂದೆ.

ಮ್ಯೂಸಿಯಂ ಇರುವುದು ಹಳೆಯ ಶಾಹಿ ಹಮಾಮಿನಲ್ಲಿ. ಹಮಾಮು ಎಂದರೆ ಅರಮನೆಯವರು ಸ್ನಾನ ಮಾಡುತ್ತಿದ್ದ ಕಟ್ಟಡ. ಹತ್ತಿರದಲ್ಲೇ 1423-24ರ ಸೋಲಾ ಖಂಬಾ ಮಸೀದಿ. ನಾವಿಬ್ಬರೂ ಹಮಾಮಿನ ಬಾಗಿಲಿಗೆ ಬರುವಷ್ಟರಲ್ಲಿ ಸ್ನಾನ ಮುಗಿಸಿಕೊಂಡೇ ಬಂದವರ ಹಾಗಿದ್ದೆವು. ಒಳಗೆ ದಪ್ಪ ಗೋಡೆ, ತಣ್ಣನೆ ಕತ್ತಲು. ಕಲ್ಲಿನ ಮೂರ್ತಿಗಳು, ಶಾಸನಗಳು, ಹಳೆಯ ಆಯುಧಗಳು. ಒಂದು ಮೂರ್ತಿಯ ಮುಂದೆ ನಿಂತು ಮಾಸ್ತರ ಕೇಳಿದ:

"ಹೇಳು, ಅದ್ಯಾವ ಬಣ್ಣ?"

"ಕರಿ."

"ಕರಿ ಅಂದ್ರ ಯಾವ ಕರಿ? ಹಂಚಿನ ಕರಿಯೋ, ಕಾಗಿ ಕರಿಯೋ, ಮಳ್ಯಾಗ ನೆನೆದ ಎಮ್ಮಿ ಕರಿಯೋ?"

ನಾನು ಪೇಚಿಗೆ ಬಿದ್ದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ಕಳೆದವನು ನಾನು. ನನಗೆ ಗೊತ್ತಿದ್ದದ್ದು ಎರಡೇ ಬಣ್ಣ, ನೀಲಿ ಶಾಯಿ ಮತ್ತು ಕೆಂಪು ಶಾಯಿ. ಕೆಂಪು ಶಾಯಿಯೂ ಸಾಹೇಬರ ಮೇಜಿನ ಮೇಲೆ ಇರುತ್ತಿತ್ತು. ಎರಡು ನಿಮಿಷ ಕಣ್ಣು ಕೀಲಿಸಿ ನೋಡಿದ ಮೇಲೆ, "ಹಂಚಿನ ಕರಿ. ಆದ್ರ ಮೊಣಕಾಲಿನ ಹತ್ರ ಜನ ಮುಟ್ಟಿ ಮುಟ್ಟಿ ಎಮ್ಮಿ ಕರಿ ಆಗ್ಯಾದ" ಎಂದೆ. ಮಾಸ್ತರನಿಗೆ ಖುಷಿಯಾಯಿತು. "ಡೈರಿ ತಂದೀಯಲ್ಲ? ಬರಕೋ. ನಾಳೆ ಕಣ್ಣು ಬಂದ ಮ್ಯಾಲೆ ತಾಳೆ ನೋಡ್ತೀನಿ" ಎಂದ. ನಾನು ನಿಜವಾಗಿಯೂ ಬರೆದುಕೊಂಡೆ.

ಅಲ್ಲಿಂದ ರಂಗೀನ್ ಮಹಲು. ಅದಕ್ಕೆ ಯಾವಾಗಲೂ ಕೀಲಿ. ಕೇಳಿದವರಿಗೆ ಸಿಬ್ಬಂದಿ ತೆಗೆದು ತೋರಿಸುತ್ತಾರೆ. ಇಬ್ಬರು ಮುದುಕರು ಮಳೆಯಲ್ಲಿ ನಿಂತದ್ದು ನೋಡಿ, ಒಬ್ಬ ಹುಡುಗ ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಬೀಗದ ಗೊಂಚಲು ಹಿಡಿದು ಓಡಿಬಂದ. ಬೀದರಿನ ಬರೀದ್ ಶಾಹಿ ಅರಸ ಅಲಿ ಬರೀದ್ ಶಾ, 1542ರಿಂದ 1580ರ ತನಕ ಆಳಿದವನು, ಈ ಮಹಲಿಗೆ ಈಗಿನ ರೂಪ ಕೊಟ್ಟ. ಹೊರಗಿನಿಂದ ನೋಡಿದರೆ ಸಾದಾ ಗೋಡೆ. ಒಳಗೆ ಹೋದರೆ ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚಿನ ಚೂರುಗಳಿಂದ ಮಾಡಿದ ಚಿತ್ತಾರ. ಇನ್ನೂ ಒಳಗಿನ ಕೋಣೆಯ ಬಾಗಿಲ ಸುತ್ತ ಕಪ್ಪು ಕಲ್ಲು; ಆ ಕಲ್ಲನ್ನು ಬಳ್ಳಿ, ಎಲೆ, ಹೂವಿನ ಆಕಾರಕ್ಕೆ ಕೊರೆದು, ಕೊರೆದಲ್ಲಿ ಕಪ್ಪೆಚಿಪ್ಪಿನ ಹೊಳೆಯುವ ತುಣುಕು ಕೂರಿಸಿದ್ದಾರೆ.

ಮಾಸ್ತರ ಮೂಗು ತಾಗುವಷ್ಟು ಹತ್ತಿರ ಹೋದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಶಾಲೆಯ ಮಕ್ಕಳಿಗೂ ಹಾಗೇ ಹೇಳುತ್ತಿದ್ದನಂತೆ: ಹಳೇ ಚಿತ್ರ ನೋಡುವಾಗ ಕೈ ಹಿಂದೆ, ಕಣ್ಣು ಮುಂದೆ.

"ನನಗ ಎಲ್ಲಾ ಹಳದಿ ಕಾಣ್ತದ. ಪೊರಿ ಬಂದ ಕಣ್ಣಿಗೆ ಹಾಲೂ ಹಳದಿ. ಇದು ಖರೇ ಬಿಳಿ ಅದ ಏನು?"

"ಬಿಳಿ ಅಲ್ಲ ಮಾಸ್ತರ. ಈ ಕಡಿಂದ ನೋಡಿದ್ರ ಬಿಳಿ. ತುಸು ಸರಿದ್ರ ಗುಲಾಬಿ. ಇನ್ನೂ ಸರಿದ್ರ... ಮಳಿ ನೀರಿನ ಮ್ಯಾಲೆ ಎಣ್ಣಿ ಬಿದ್ರ ಹಸರು, ನೀಲಿ ಆಗ್ತದಲ್ಲ, ಹಂಗ."

ಮಾಸ್ತರ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಕರಿ ಮೈಮ್ಯಾಲೆ ಬಿಳಿ ಗೆರಿ. ಇದು ನೋಡಿದ್ರ ನನಗ ಬಿದ್ರಿನೇ ನೆನಪಾಗ್ತದ" ಎಂದ.

ಬಿದ್ರಿ ಎಂಬ ಮಾತು ಕೇಳಿ ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಡೆಯಿರಿ. ಬಿದ್ರಿ ಎಂದರೇನೆಂದು ಕೆಲವರಿಗೆ ಗೊತ್ತಿರಲಿಕ್ಕಿಲ್ಲ.

ನಮ್ಮ ಊರಿನ ಹೆಸರನ್ನೇ ಹೊತ್ತ ಕಲೆ ಅದು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಕೂಡಿಸಿ ಎರಕ ಹೊಯ್ಯುತ್ತಾರೆ. ಬಂದ ಪಾತ್ರೆಯನ್ನು ಅರದಿಂದ ತಿಕ್ಕಿ ನುಣುಪು ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಸಣ್ಣ ಉಳಿಯಿಂದ ಚಿತ್ರ ಕೊರೆದು, ಆ ಗೆರೆಯೊಳಗೆ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಮತ್ತೆ ತಿಕ್ಕಿದಾಗ ಕಪ್ಪೆಲ್ಲ ಹೋಗಿ, ಬೆಳ್ಳಿಯೂ ಸತುವೂ ಒಂದೇ ಬೂದು ಬಣ್ಣ. ಚಿತ್ರ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ನೀರಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ಹಚ್ಚಿ ಉಜ್ಜುತ್ತಾರೆ. ಆಗ ನೋಡಬೇಕು! ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ.

ಆ ಮಣ್ಣು ಎಲ್ಲಿಯದಾದರೂ ಆಗುವುದಿಲ್ಲ. ಹಳೆಯ ಕಟ್ಟಡದೊಳಗೆ, ನೂರಾರು ವರ್ಷ ಬಿಸಿಲೂ ಮಳೆಯೂ ಸೋಕದ ಜಾಗದ ಮಣ್ಣು ಬೇಕು. ಕಪ್ಪು ತರುವ ಲವಣ ಅದರಲ್ಲಿರುತ್ತದೆ. ಮಳೆ ಬಿದ್ದರೆ ಕರಗಿ ಹೋಗುತ್ತದೆ. ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಯ ಮೇಲಿಟ್ಟು, ರುಚಿ ನೋಡಿ ಆರಿಸುತ್ತಾರೆ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ನಮ್ಮೂರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಈ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ, ಅಷ್ಟೇ ಏಕೆ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಕೂಡ ಬಿದ್ರಿಯ ಹಳೆಯ ಸಾಮಾನುಗಳನ್ನು ಜೋಪಾನ ಮಾಡಿ ಇಟ್ಟಿದ್ದಾರೆ.

ಈಗ ಹೊಟ್ಟೆಯಲ್ಲಿನ ಕಲ್ಲಿನ ಸಂಗತಿ.

1984. ನಾನು ಔರಾದದ ಬ್ರಾಂಚಿನಲ್ಲಿ ಬಂಗಾರ ಅಡವಿನ ಸಾಲದ ಟೇಬಲ್ಲಿನಲ್ಲಿದ್ದೆ. ಮಾಸ್ತರನ ತಂಗಿಯ ಮದುವೆ ಗೊತ್ತಾಗಿತ್ತು. ಎಂಟುನೂರು ರೂಪಾಯಿ ಕಡಿಮೆ ಬಿದ್ದಿತ್ತು. ಅರ್ಜಿ ಫಾರಂ ಒಂದು ದಿನ ಮೊದಲೇ ಒಯ್ದಿದ್ದ. ಮರುದಿನ ಸಂತೆ, ಬ್ಯಾಂಕಿನ ತುಂಬ ಜನ. ಅವನು ಚೀಲದಿಂದ ಅರಿವೆಯಲ್ಲಿ ಸುತ್ತಿದ ಒಂದು ಪಾನ್‌ದಾನ್ ತೆಗೆದು ನನ್ನ ಮುಂದೆ ಇಟ್ಟ. ಅವನ ಅವ್ವನ ಎಲೆ ಅಡಿಕೆಯ ಡಬ್ಬಿ, ಹಳೆಯ ಬಿದ್ರಿ ಕೆಲಸದ್ದು. ತೂಕ ನೋಡುವ ಸರಾಫ ಅದನ್ನು ಉಗುರಿನಿಂದ ಬಡಿದು, "ಸತುವು" ಎಂದು ನನ್ನ ಕಡೆ ತಳ್ಳಿದ. ನಾನು ಗಟ್ಟಿಯಾಗಿ, "ಮಾಸ್ತರ, ಇದು ಬ್ಯಾಂಕ್ ಅದ, ಬೋಗಾಣಿ ಅಂಗಡಿ ಅಲ್ಲ" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅವನು ಡಬ್ಬಿಯನ್ನು ಮತ್ತೆ ಅರಿವೆಯಲ್ಲಿ ಸುತ್ತಿಕೊಂಡು ಹೋದ. ಮುಂದೆ ಅದನ್ನು ಬೀದರಿನಲ್ಲಿ ಮಾರಿದನೆಂದು ಕೇಳಿದೆ. ಕೊಂಡವನು ಅದರಲ್ಲಿದ್ದ ಬೆಳ್ಳಿಯ ಅಂದಾಜಿಗೆ 140 ರೂಪಾಯಿ ಕೊಟ್ಟನಂತೆ.

ಸತುವಿನ ಮೇಲೆ ಸಾಲ ಕೊಡಲು ನನಗೆ ಅಧಿಕಾರವಿರಲಿಲ್ಲ, ಅದು ನಿಜ. ಆದರೆ ಆ ಮಾತು ಆಡೆಂದು ಯಾವ ಸರ್ಕ್ಯುಲರಿನಲ್ಲೂ ಬರೆದಿರಲಿಲ್ಲ. ಆಮೇಲೆ ನಾವು ಗೆಳೆಯರಾಗಿಯೇ ಉಳಿದೆವು. ಅವನ ತಂಗಿಯ ಮದುವೆಯಲ್ಲಿ ನಾನೇ ಬಡಿಸಿದೆ. ಅಮರೇಶ್ವರನ ಜಾತ್ರೆಯಲ್ಲಿ ಅವನು ಮಕ್ಕಳನ್ನು ದನಗಳ ಮುಂದೆ ಕೂರಿಸಿ ದೇವಣಿ ಹೋರಿಯ ಚಿತ್ರ ಬರೆಸುವಾಗ ಎಷ್ಟೋ ವರ್ಷ ನಾನೂ ಜೊತೆಗೆ ಹೋಗಿದ್ದೇನೆ. ಆ ದಿನದ ಮಾತನ್ನು ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ರಂಗೀನ್ ಮಹಲಿನಿಂದ ಹೊರಬಿದ್ದಾಗ ಮಳೆ ಜೋರಾಯಿತು. ಒಂದು ಹಳೆಯ ಕಮಾನಿನ ಕೆಳಗೆ ನಿಂತೆವು. ಹೊರಗೆ ಕೆಂಪು ನೀರಿನ ಹಳ್ಳ ಹರಿಯುತ್ತಿದೆ, ಒಳಗಿನ ಮೂಲೆಯ ನೆಲ ಮಾತ್ರ ಹಿಟ್ಟಿನಂತೆ ಒಣಗಿದೆ. ಮಾಸ್ತರ ಗೋಡೆಗೆ ಬೆರಳು ತಾಗಿಸಿ, ಅಂಟಿದ ಧೂಳನ್ನು ನಾಲಿಗೆಗೆ ಮುಟ್ಟಿಸಿಕೊಂಡ. (ನೀವು ಹಾಗೆ ಮಾಡಬೇಡಿ. ಕೋಟೆಯಿಂದ ಮಣ್ಣು ತರುವುದಂತೂ ಬೇಡವೇ ಬೇಡ.)

"ಉಪ್ಪುಪ್ಪು ಅದ" ಎಂದ.

ಆಗ ನಾನು ಹೇಳಿದೆ. "ಮಾಸ್ತರ, ನಿಮ್ಮ ಅವ್ವನ ಪಾನ್‌ದಾನ್... ಅವತ್ತು ನಾ ಹಂಗ ಅನಬಾರದಿತ್ತು. ನಗಬಾರದಿತ್ತು."

ಅವನು ಬೆರಳು ಧೋತರದ ಅಂಚಿಗೆ ಒರೆಸಿಕೊಂಡ. "ಹೌದು, ನೀ ನಕ್ಕಿದ್ದು ನನಗ ನೆನಪದ" ಎಂದ. ಅಷ್ಟೇ. ಮಳೆಯ ಸದ್ದಿನಲ್ಲಿ ನಾನು ಮುಂದಿನ ಮಾತಿಗಾಗಿ ಕಾದೆ. ಪರವಾಗಿಲ್ಲ ಎಂದಾನೆಂದು ಕಾದೆ. ಅವನು ಹಾಗೆ ಅನ್ನಲಿಲ್ಲ.

ಎಷ್ಟೋ ಹೊತ್ತಿನ ಮೇಲೆ, "ಅದರ ಮುಚ್ಚಳದ ಮ್ಯಾಲೆ ಏನಿತ್ತು, ನೋಡಿದ್ದೇನು?" ಎಂದು ಕೇಳಿದ.

"ಇಲ್ಲ."

"ಅಶರ್ಫಿ ಕಿ ಬೂಟಿ. ಮುಚ್ಚಳದ ತುಂಬ ಸಣ್ಣ ಸಣ್ಣ ನಾಣ್ಯದಂಥ ಹೂ. ಬ್ಯಾಂಕಿನವನ ಮುಂದ ನಾಣ್ಯ ಇಟ್ಟೀನಿ, ನೀ ನೋಡ್ಲೇ ಇಲ್ಲ." ಈ ಸಲ ನಕ್ಕವನು ಅವನು. "ಮಾರೋಕ್ಕಿಂತ ಮೊದಲ ರಾತ್ರಿ ಕಂದೀಲು ಹಚ್ಚಿಕೊಂಡು ಕೂತು, ಬೂಟಿ, ಬಳ್ಳಿ, ಅಂಚು ಎಲ್ಲಾ ಕಾಗದಕ್ಕೆ ಇಳಿಸಿದೆ. ಬ್ಯಾರೆ ಕಾಗದ ಎಲ್ಲಿತ್ತು ಮನ್ಯಾಗ? ನೀ ಕೊಟ್ಟ ಸಾಲದ ಫಾರಂ ಇತ್ತು. ಅದರ ಹಿಂದ ಬರದೆ."

ಆಮೇಲೆ ಪ್ರತಿ ವರ್ಷ ಏಳನೆಯ ತರಗತಿಗೆ ಆ ಅಂಚನ್ನೇ ಬೋರ್ಡಿನ ಮೇಲೆ ಬರೆದು ಕಲಿಸಿದನಂತೆ. ಹೆಣ್ಣುಮಕ್ಕಳು ಅದನ್ನು ಮನೆಗೆ ಒಯ್ದು ಅಂಗಳದಲ್ಲಿ ರಂಗೋಲಿ ಹಾಕಿದರು. ನಾಗರಪಂಚಮಿಯ ದಿನ ಔರಾದದ ಓಣಿಗಳಲ್ಲಿ ನಡೆದು ಹೋಗುವಾಗ ಅವನಿಗೆ ಅವ್ವನ ಡಬ್ಬಿಯ ಬಳ್ಳಿ ಮನೆ ಮನೆಯ ಮುಂದೆ ಕಾಣುತ್ತಿತ್ತಂತೆ. ಅದೇ ಓಣಿಗಳಲ್ಲಿ ನಾನೂ ಹನ್ನೊಂದು ವರ್ಷ ಸೈಕಲ್ ಮೇಲೆ ಓಡಾಡಿದ್ದೇನೆ. ಎಷ್ಟು ಸಲ ಅದನ್ನು ತುಳಿದು ಹೋಗಿದ್ದೇನೋ!

"ಆ ಫಾರಂ ಈಗ ಎಲ್ಲದ?"

"ಭಾಲ್ಕಿಯಾಗ, ಟ್ರಂಕಿನಾಗ. ಕಣ್ಣು ಬಂದ ಮ್ಯಾಲೆ ತೋರಸ್ತೀನಿ. ಈಗ ಹುಡುಕಾಕ ಆಗಲ್ಲ."

ಮಳೆ ಸ್ವಲ್ಪ ಇಳಿಯಿತು. ಚೌಬಾರಾದ ಹತ್ತಿರ ಬಂದು ಬಿಸಿ ಮಿರ್ಚಿ ಭಜಿ, ಸುಸಲಾ ತಿಂದು ಚಹಾ ಕುಡಿದೆವು. ದುಡ್ಡು ಕೊಡಲು ನಾನು ಕಿಸೆಗೆ ಕೈ ಹಾಕಿದರೆ ಅವನು ತಡೆಯಲಿಲ್ಲ. ಸಾಮಾನ್ಯವಾಗಿ ತಡೆಯುತ್ತಾನೆ. ನಾಲ್ಕಕ್ಕೆ ರಿಪೋರ್ಟು ತೆಗೆದುಕೊಂಡು, ಭಾಲ್ಕಿ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಅವನನ್ನು ಕೂರಿಸಿದೆ.

ಆಪರೇಷನ್ ಆಯಿತು. ಮೊನ್ನೆ ರಾತ್ರಿ ಫೋನ್ ಬಂತು.

"ಬಲಗಣ್ಣು ಖುಲ್ಲಾ. ನಮ್ಮ ಮನಿ ಗೋಡಿ ಹಳದಿ ಅಂತ ತಿಳಕೊಂಡಿದ್ದೆ, ಸುಣ್ಣದಂಗ ಬಿಳಿ ಅದ! ಬರೋ ಸೋಮವಾರ ಡೈರಿ ತಗೊಂಡು ಕೋಟಿಗೆ ಬಾ. ನೀ ಬರಕೊಂಡ ಬಣ್ಣ ಒಂದೊಂದೂ ಆಡಿಟ್ ಮಾಡ್ತೀನಿ. ಫಾರಂ ನಾ ತರ್ತೀನಿ."

ಡೈರಿ ತೆಗೆದು ನೋಡಿಕೊಂಡೆ. ಒಟ್ಟು ಇಪ್ಪತ್ತಮೂರು ನಮೂದು. ಹದಿನಾಲ್ಕನೆಯದರ ಬಗ್ಗೆ ನನಗೇ ಸಂಶಯವಿದೆ. ಒಂದು ಹೆಂಚಿನ ಚೂರಿನ ಮುಂದೆ "ತೊಗರಿ ಹೂವಿನ ಹಳದಿ" ಎಂದು ಬರೆದಿದ್ದೇನೆ. ಸೋಮವಾರ ಅವನಿಗಿಂತ ಅರ್ಧ ಗಂಟೆ ಮೊದಲೇ ಹೋಗಿ ಇನ್ನೊಮ್ಮೆ ನೋಡಬೇಕು.