ಒಂದು ಸಾಲಿನ ಆದೇಶ ಕೊಡಿ: ಮುಖ್ಯ ಆಯುಕ್ತರಿಗೆ ಬಹಿರಂಗ ಪತ್ರ

ಮುಖ್ಯ ಆಯುಕ್ತರು,
ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಬೆಂಗಳೂರು.

ಮಾನ್ಯರೇ,

ಗುಂಡಿ ಬಿದ್ದ ರಸ್ತೆ, ಬಾರದ ಕಸದ ಗಾಡಿ ಇತ್ಯಾದಿಗಳ ಪತ್ರಗಳು ನಿಮಗೆ ದಿನಾ ಬರುತ್ತವೆ. ಇದು ನಾಲ್ಕಡಿ ಅಗಲ, ಆರಡಿ ಉದ್ದದ ಒಂದು ಬಚ್ಚಲುಮನೆಯ ವಿಷಯ. ಅದನ್ನು ಕಟ್ಟಿಸಿದವನು ನಾನೇ. ಹಾಗಾಗಿ ಇದನ್ನು ದೂರು ಎನ್ನುವುದಕ್ಕಿಂತ ತಪ್ಪೊಪ್ಪಿಗೆ ಎಂದು ಓದಿಕೊಂಡರೂ ಸರಿಯೇ.

ನಮ್ಮ ಮನೆ ಮರ್ಫಿ ಟೌನಿನಲ್ಲಿ, ಹಲಸೂರಿನ ಪಕ್ಕದ ಸಣ್ಣ ಓಣಿಯೊಂದರಲ್ಲಿದೆ. ಅಪ್ಪನ ಕಾಲಕ್ಕೆ ಹೆಂಚಿನ ಮನೆ. ಈಗ ಅದೇ ಸೈಟಿನ ಮೇಲೆ ಮೂರು ಅಂತಸ್ತು. ಕೆಳಗೆ ನಾವು, ಮೇಲೆ ಎರಡು ಬಾಡಿಗೆ ಸಂಸಾರ. ಅಕ್ಕಪಕ್ಕದ ಗೋಡೆಗಳು ಒಂದಕ್ಕೊಂದು ಒತ್ತಿಕೊಂಡಿವೆ. ನಮ್ಮ ಕಡೆ ಎಲ್ಲರದೂ ಇದೇ ಕಥೆ. ಮನೆಗಳು ಮೇಲಕ್ಕೆ ಬೆಳೆದವು, ಗಾಳಿ ಆಡುವ ಜಾಗ ಬೆಳೆಯಲಿಲ್ಲ.

ಅಪ್ಪನ ಕಾಲದ ಬಚ್ಚಲು ಹಿತ್ತಿಲಲ್ಲಿ ಬೇರೆಯೇ ಇತ್ತು. ಒಲೆಯ ಮೇಲೆ ತಾಮ್ರದ ಹಂಡೆ. ಉರಿಗೆ ಸೌದೆ, ತೆಂಗಿನ ಚಿಪ್ಪು, ಮರದ ಹೊಟ್ಟು, ಏನು ಸಿಕ್ಕರೆ ಅದು. ನೀರು ತುಂಬುವ ಹಬ್ಬದ ಸಂಜೆ ಅಮ್ಮ ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ, ಅದರ ಕೊರಳಿಗೆ ಹೂ ಸುತ್ತುತ್ತಿದ್ದಳು. ಹೊಗೆ ಹೆಂಚಿನ ಸಂದಿಯಲ್ಲಿ, ಗೋಡೆಯ ಕಿಂಡಿಯಲ್ಲಿ ಹೊರಗೆ ಹೋಗುತ್ತಿತ್ತು. ಹೋಗದೆ ಉಳಿದದ್ದು ಕಣ್ಣಿಗೆ ಹತ್ತಿದರೆ ನಾವು ಮಕ್ಕಳು ಕೆಮ್ಮುತ್ತಾ ಹೊರಗೋಡುತ್ತಿದ್ದೆವು. ಅದೇನು ಆರೋಗ್ಯದ ಹೊಗೆಯಲ್ಲ, ಹಳೆಯದನ್ನೆಲ್ಲ ಹೊಗಳುವ ಚಟವೂ ನನಗಿಲ್ಲ. ಆದರೆ ಆ ಹೊಗೆ ತಾನು ಬಂದಿದ್ದೇನೆಂದು ಹೇಳಿಯೇ ಬರುತ್ತಿತ್ತು.

ಮೇಲಿನ ಅಂತಸ್ತು ಕಟ್ಟಿಸಿದಾಗ ನಾನು ಬಾಡಿಗೆಯವರಿಗೆಂದು ಗ್ಯಾಸ್ ಗೀಸರ್ ಹಾಕಿಸಿದೆ. ಕರೆಂಟಿನ ಗೀಸರಿಗೆ ಬಿಲ್ಲಿನ ಭಯ. ಗೃಹಜ್ಯೋತಿ ಬಂದ ಮೇಲಂತೂ 200 ಯೂನಿಟ್ ದಾಟಬಾರದೆಂಬ ಲೆಕ್ಕ ಪ್ರತಿ ಬಾಡಿಗೆ ಮನೆಯಲ್ಲೂ ನಡೆಯುತ್ತದೆ. ಸೋಲಾರಿಗೆ ತಾರಸಿಯಲ್ಲಿ ನೀರಿನ ಟ್ಯಾಂಕು ಬಿಟ್ಟ ಜಾಗವಿಲ್ಲ. ಗೀಸರ್ ಹಾಕಲು ಬಂದ ಹುಡುಗ ಬಚ್ಚಲೊಳಗೆ, ಷವರಿನ ಪಕ್ಕದಲ್ಲೇ ಮೊಳೆ ಹೊಡೆದ. "ಒಳಗೇ ಹಾಕ್ತೀಯೇನಪ್ಪಾ?" ಎಂದೆ. "ಎಲ್ಲರೂ ಒಳಗೇ ಹಾಕಿಸ್ಕೋತಾರೆ ಸಾರ್, ಪೈಪು ಉಳಿಯುತ್ತೆ" ಎಂದ. ನಾನೂ ಪೈಪು ಉಳಿಸಿದೆ. ಬಚ್ಚಲಿನ ಕಿಂಡಿಯಿಂದ ಚಳಿಗಾಳಿ, ಸೊಳ್ಳೆ ಬರುತ್ತದೆಂದು ಬಾಡಿಗೆಯವರು ಅದಕ್ಕೆ ರಟ್ಟು ಬಡಿದರು. ಅದಕ್ಕೂ ಸುಮ್ಮನಿದ್ದೆ.

ಒಂದು ಡಿಸೆಂಬರ್ ಬೆಳಿಗ್ಗೆ ಅವರ ಪಿಯುಸಿ ಓದುವ ಮಗಳು ತಲೆಗೆ ಸ್ನಾನ ಮಾಡಲು ಹೋದಳು. ಬಕೆಟ್ಟು ಉರುಳಿದ ಸದ್ದಾಯಿತು. ಕೂಗಿದರೆ ಉತ್ತರವಿಲ್ಲ. ಬಾಗಿಲು ಪ್ಲಾಸ್ಟಿಕ್ಕಿನದು, ಎರಡು ಸಲ ಒದ್ದರೆ ಚಿಲಕ ಕಿತ್ತುಬಂತು. ಆ ಅಗ್ಗದ ಬಾಗಿಲೇ ಅವಳನ್ನು ಉಳಿಸಿತು. ಪಕ್ಕದ ಮನೆಯಾಕೆ ಫಿಟ್ಸ್ ಎಂದು ಅವಳ ಕೈಗೆ ಬೀಗದ ಕೈ ಕೊಟ್ಟರು. ಅವರನ್ನೂ ಬೈಯುವಂತಿಲ್ಲ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆರೋಗ ನಮ್ಮ ದಕ್ಷಿಣ ಕರ್ನಾಟಕದಲ್ಲಿ ನಿಜವಾಗಿಯೂ ಇದೆ, ನಿಮ್ಹಾನ್ಸ್ ವೈದ್ಯರು ಅದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಇನ್ನೊಬ್ಬರು ಕೊರೊನಾ ಕಾಲದಲ್ಲಿ ಕೊಂಡಿದ್ದ ಆಕ್ಸಿಮೀಟರ್ ತಂದು ಬೆರಳಿಗೆ ಸಿಕ್ಕಿಸಿದರು. 98 ತೋರಿಸಿತು. ಆಮ್ಲಜನಕ ಸರಿಯಾಗಿದೆ, ಗಾಬರಿ ಬೇಡ ಎಂದುಕೊಂಡೆವು.

ಆಸ್ಪತ್ರೆಯ ವೈದ್ಯೆ ಮೊದಲು ಕೇಳಿದ್ದೇ "ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಾ?" ಎಂದು. ಆಕ್ಸಿಮೀಟರಿನ ಮಾತು ಎತ್ತಿದಾಗ ತಲೆಯಾಡಿಸಿದರು. ಕಾರ್ಬನ್ ಮೊನಾಕ್ಸೈಡ್ ಹತ್ತಿದ ರಕ್ತವನ್ನು ಆ ಪುಟ್ಟ ಯಂತ್ರ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದಂತೆ. ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಗಾಳಿಯಲ್ಲಿ ಶೇ 0.32ರಷ್ಟಿದ್ದರೆ ಐದು-ಹತ್ತು ನಿಮಿಷದಲ್ಲಿ ತಲೆನೋವು, ತಲೆಸುತ್ತು. ಅರ್ಧ ಗಂಟೆಯೊಳಗೆ ಸಾವು. ಹುಡುಗಿ ಎರಡು ದಿನದಲ್ಲಿ ಮನೆಗೆ ಬಂದಳು.

ಅವಳು ಆಸ್ಪತ್ರೆಯಲ್ಲಿದ್ದ ಆ ಎರಡು ರಾತ್ರಿ ನಾನು ಕೂತು ಲೆಕ್ಕ ಹಾಕಿದೆ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ನಿಮಿಷಕ್ಕೆ ಸುಮಾರು 15 ಗ್ರಾಂ ಗ್ಯಾಸ್ ಉರಿಸುತ್ತದೆ. ಅಷ್ಟು ಗ್ಯಾಸ್ ಪೂರ್ತಿ ಉರಿಯಲು ಸುಮಾರು 200 ಲೀಟರ್ ಗಾಳಿ ಬೇಕು. ನನ್ನ ಬಚ್ಚಲಿನ ಎತ್ತರ ಎಂಟಡಿ. ಒಳಗೆ ಹಿಡಿಯುವ ಗಾಳಿಯೆಲ್ಲ ಸೇರಿ 5,400 ಲೀಟರ್ ಆದೀತು. ಹದಿನೈದು ನಿಮಿಷದ ತಲೆಸ್ನಾನಕ್ಕೆ ಗೀಸರ್ ಒಂದೇ 3,000 ಲೀಟರ್ ಕೇಳುತ್ತದೆ. ಕಿಂಡಿಗೆ ರಟ್ಟು, ಬಾಗಿಲಿಗೆ ಚಿಲಕ. ಗಾಳಿ ಸಾಲದ ಜ್ವಾಲೆ ನೀಲಿ ಬಣ್ಣ ಕಳೆದುಕೊಂಡು ಹಳದಿಯಾಗುತ್ತದೆ, ಅರೆಬರೆ ಉರಿಯುತ್ತದೆ. ಅರೆಬರೆ ಉರಿದ ಗ್ಯಾಸೇ ವಿಷ. ಬರ್ನರಿಗೆ ಧೂಳು, ಮೇಲಿನ ತಾಮ್ರದ ಪದರಗಳಿಗೆ ಮಸಿ ಕಟ್ಟಿದ್ದರೆ ಇದು ಇನ್ನೂ ಬೇಗ ಆಗುತ್ತದೆ. ಹಾಕಿಸಿದ ದಿನದಿಂದ ಆ ಗೀಸರಿನ ಎರಡು ದಪ್ಪ ಸೆಲ್ ಬದಲಿಸಿದ್ದು ಬಿಟ್ಟರೆ ನಾವು ಅದರ ಮುಚ್ಚಳ ತೆಗೆದಿರಲೇ ಇಲ್ಲ.

ಇನ್ನೊಂದು ಮಾತು. ಇಂಥ ಸಾವು ಆದಾಗಲೆಲ್ಲ ಪತ್ರಿಕೆಯಲ್ಲಿ "ಗ್ಯಾಸ್ ಗೀಸರ್ ಸೋರಿಕೆ" ಎಂದು ಬರುತ್ತದೆ. 2023ರ ಜೂನಿನಲ್ಲಿ ಚಿಕ್ಕಜಾಲದ ಬಳಿಯ ತರಬನಹಳ್ಳಿಯಲ್ಲಿ ಮದುವೆಯಾಗಲಿದ್ದ ಒಂದು ಜೋಡಿ ಬಚ್ಚಲಿನಲ್ಲೇ ಸತ್ತಾಗ ಹಾಗೆಯೇ ಬಂತು. 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದಲ್ಲಿ ಅಕ್ಕ-ತಂಗಿ ಇಬ್ಬರೂ ಹೋದಾಗಲೂ ಹಾಗೆಯೇ ಬಂತು. ಸೋರಿಕೆ ಎಂದರೆ ಜನ ಮೂಗಿನಿಂದ ಹುಡುಕುತ್ತಾರೆ. ಸಿಲಿಂಡರಿನ ಗ್ಯಾಸಿಗೆ ವಾಸನೆ ಬರಲೆಂದೇ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ, ಸೋರಿದರೆ ಗೊತ್ತಾಗುತ್ತದೆ. ಉರಿದು ಹೋದ ಗ್ಯಾಸಿನ ವಿಷಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣಿಗೆ ಹತ್ತುವುದಿಲ್ಲ. ಪೈಪು, ವಾಲ್ವು, ರೆಗ್ಯುಲೇಟರ್ ಎಲ್ಲ ಹೊಚ್ಚಹೊಸದಾಗಿದ್ದರೂ ಮುಚ್ಚಿದ ಬಚ್ಚಲಿನಲ್ಲಿ ಜೀವ ಹೋಗುತ್ತದೆ. ವಾಸನೆ ಬರಲಿಲ್ಲವಲ್ಲ, ನಮ್ಮದು ಸರಿಯಿದೆ ಎಂದು ನಾನೂ ಅಷ್ಟು ವರ್ಷ ಅಂದುಕೊಂಡಿದ್ದೆ.

ಇದನ್ನು ನೋಡಬೇಕಾದವರು ಯಾರು ಎಂದು ಹುಡುಕಿದೆ. ಗೀಸರಿಗೆ ಐಎಸ್ 15558 ಎಂಬ ಮಾನಕವಿದೆ, ಅದು ಯಂತ್ರಕ್ಕೆ. ಗ್ಯಾಸ್ ಏಜೆನ್ಸಿಯವರು ತಪಾಸಣೆಗೆ ಬಂದರೆ ಅಡುಗೆಮನೆಯಲ್ಲಿ ಒಲೆ, ರೆಗ್ಯುಲೇಟರ್, ಐದು ವರ್ಷದ ಕಿತ್ತಳೆ ಬಣ್ಣದ ಪೈಪು ನೋಡಿ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಬಚ್ಚಲಿನ ಬಾಗಿಲು ಅವರಿಗೆ ಕಾಣುವುದಿಲ್ಲ. ಕಂಪನಿಯ ಪುಸ್ತಿಕೆ ಬಚ್ಚಲೊಳಗೆ ಬೇಡ ಎನ್ನುತ್ತದೆ. ನಮ್ಮ ಗೀಸರಿನ ಜೊತೆ ಬಂದದ್ದನ್ನು ಪೆಟ್ಟಿಗೆಯ ಸಮೇತ ಅಟ್ಟದಲ್ಲಿಟ್ಟಿದ್ದೆ. ಹಾಗಾಗಿ ಕೊನೆಗೆ ಉಳಿಯುವುದು ಮೊಳೆ ಹೊಡೆಯುವ ಹುಡುಗ ಮತ್ತು ಪೈಪು ಉಳಿಸುವ ಮಾಲೀಕ.

ನನ್ನ ಸೋದರಳಿಯ ಅಮೆರಿಕದಲ್ಲಿದ್ದಾನೆ. ಅಲ್ಲಿ ಇಡೀ ಮನೆಯನ್ನು ಬೆಚ್ಚಗಿಡಲು ನೆಲಮಾಳಿಗೆಯಲ್ಲಿ ಗ್ಯಾಸಿನ ಫರ್ನೇಸ್ ಇರುತ್ತದೆ, ಅವನು ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಅದರ ಹೊಗೆ ಕೊಳವೆ, ಬರ್ನರ್ ಎಲ್ಲ ನೋಡಿಸುತ್ತಾನೆ. ಮಲಗುವ ಕೋಣೆಯ ಹೊರಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆ. ನಮ್ಮ ಗೀಸರ್ ಆ ಫರ್ನೇಸಿನ ಚಿಕ್ಕ ತಮ್ಮನೇ, ಕೊಳವೆ ಮಾತ್ರ ಇಲ್ಲ. ಬ್ರಿಟನ್ನಿನ 1998ರ ನಿಯಮದ ಪ್ರಕಾರ ಬಾಡಿಗೆ ಮನೆಯ ಗ್ಯಾಸ್ ಉಪಕರಣಗಳನ್ನು ಮಾಲೀಕ 12 ತಿಂಗಳಿಗೊಮ್ಮೆ ನೋಂದಾಯಿತ ತಂತ್ರಜ್ಞರಿಂದ ಪರೀಕ್ಷಿಸಿ, 28 ದಿನದೊಳಗೆ ಅದರ ಕಾಗದವನ್ನು ಬಾಡಿಗೆದಾರನಿಗೆ ಕೊಡಬೇಕು. ಬಚ್ಚಲಿನಲ್ಲಿ ಹೊಸದಾಗಿ ಗ್ಯಾಸ್ ಉಪಕರಣ ಹಾಕುವುದಾದರೆ ಅದು ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊರಕ್ಕೇ ಬಿಡುವಂಥ, ಪೂರ್ತಿ ಮುಚ್ಚಿದ ಉಪಕರಣವಾಗಿರಬೇಕು. ನಮ್ಮ ಬಡಾವಣೆಗೆ ಬ್ರಿಟಿಷರ ಕಾಲದ ಮರ್ಫಿ ಎಂಬ ಹೆಸರನ್ನು ನಾವು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಬ್ರಿಟನ್ನಿನ ಈ ನಿಯಮವನ್ನೂ ತಂದುಕೊಂಡರೆ ನಷ್ಟವೇನಿಲ್ಲ.

ಅಷ್ಟೆಲ್ಲ ನಿಮ್ಮ ಕೈಯಲ್ಲಿಲ್ಲ ಎಂದು ಗೊತ್ತು. ನಿಮ್ಮ ಕೈಯಲ್ಲಿರುವುದನ್ನಷ್ಟೇ ಕೇಳುತ್ತೇನೆ. 2024ರಲ್ಲಿ ಪಿಜಿಗಳಿಗೆ ಆಗಿನ ಪಾಲಿಕೆ, ಬಿಬಿಎಂಪಿ, ನಿಯಮ ಮಾಡಿತು. ಒಬ್ಬೊಬ್ಬರಿಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು ಎಂದು ಬರೆಯಿತು. ಒಳ್ಳೆಯದೇ ಆಯಿತು. ಆ ನೀರನ್ನು ಎಲ್ಲಿ, ಹೇಗೆ ಕಾಯಿಸಬೇಕು ಎಂಬ ಒಂದು ಸಾಲನ್ನೂ ಸೇರಿಸಿ: ಹೊಗೆ ಹೊರಗೆ ಹೋಗುವ ಕೊಳವೆಯಿಲ್ಲದ ಗ್ಯಾಸ್ ಗೀಸರ್ ಬಚ್ಚಲೊಳಗೆ ಕೂಡದು. ಪಿಜಿಗೆ ಲೈಸೆನ್ಸ್ ನವೀಕರಿಸುವಾಗ ಅದನ್ನೇ ನೋಡಿ. ಗೀಸರ್ ಮಾರುವ ಅಂಗಡಿಗೂ ಲೈಸೆನ್ಸ್ ಕೊಡುವುದು ನಿಮ್ಮ ಪ್ರಾಧಿಕಾರದ ಅಡಿಯ ಪಾಲಿಕೆಗಳೇ. ಎಲ್ಲಿ ಅಳವಡಿಸಿದರು, ಯಾರು ಅಳವಡಿಸಿದರು ಎಂದು ಸಹಿಯಿರುವ ಚೀಟಿ ಕೊಡದೆ ಮಾರಬಾರದೆನ್ನಿ. ಅಳವಡಿಸುವ ಹುಡುಗರನ್ನು ವಾರ್ಡಿಗೊಂದು ದಿನ ಕರೆದು ತೋರಿಸಿಕೊಡಿ, ಅವರು ದಡ್ಡರಲ್ಲ, ಅವರಿಗೆ ಯಾರೂ ಹೇಳಿಲ್ಲ. ಡಿಸೆಂಬರಿಗೆ ಮುಂಚೆ ಕನ್ನಡ, ತಮಿಳು, ಉರ್ದು, ತೆಲುಗಿನಲ್ಲಿ ಒಂದು ಪೋಸ್ಟರ್ ಅಂಟಿಸಿ. ಅದರಲ್ಲಿ "ಸೋರಿಕೆ" ಎಂಬ ಪದ ಮಾತ್ರ ಬೇಡ.

ನಮ್ಮ ಮೇಲಿನ ಮನೆಯ ಗೀಸರ್ ಈಗ ಬಟ್ಟೆ ಒಗೆಯುವ ತೆರೆದ ಜಾಗದ ಗೋಡೆಯಲ್ಲಿದೆ. ಬಿಸಿನೀರಿನ ಪೈಪು ಮಾತ್ರ ಒಳಗೆ ಹೋಗುತ್ತದೆ. ಕಿಂಡಿಯ ರಟ್ಟು ತೆಗೆಸಿ ಸೊಳ್ಳೆ ಜಾಲರಿ ಹಾಕಿಸಿದೆ. ಹನ್ನೊಂದು ಅಡಿ ಪೈಪು, ಒಂದು ಮಧ್ಯಾಹ್ನದ ಕೆಲಸ.

ಇಂತಿ ತಮ್ಮ ವಿಶ್ವಾಸಿ,
ಮರ್ಫಿ ಟೌನಿನ ಒಬ್ಬ ಮನೆ ಮಾಲೀಕ