ಸಿಗ್ನಲ್ ಇಲ್ಲ ಅನ್ನೋದು ಬರೀ ನೆಪ, ಸ್ವಾಮಿ!

ನಮ್ಮ ಕಾನಹೊಸಹಳ್ಳಿ ಕಡೆ ಅಜ್ಜಿಯರ ಬಾಯಲ್ಲೂ ಈಗ ಒಂದು ಪದ ಕುಣಿಯುತ್ತೆ: 'ಸರ್ವರ್'. ರೇಷನ್‌ಗೆ ಬೆರಳು ಒತ್ತಿದರೆ "ಸರ್ವರ್ ಇಲ್ಲ, ನಾಳೆ ಬಾರಮ್ಮ". ಮೊಬೈಲಲ್ಲಿ ಅರ್ಜಿ ತುಂಬಿದರೆ ಕೊನೇ ಪುಟದಲ್ಲಿ ಎಲ್ಲಾ ಮಾಯ! ಕೇಳಿದರೆ ಸಾಫ್ಟ್‌ವೇರ್ ಮಂದಿ "ಹಳ್ಳೀಲಿ ಸಿಗ್ನಲ್ ಸರಿ ಇಲ್ಲ" ಅಂತ ಕೈ ತೊಳೆದುಕೊಳ್ತಾರೆ.

ಅಲ್ಲಾ ಸ್ವಾಮಿ, ಅದೇ ಟವರ್‌ನಲ್ಲಿ ವಾಟ್ಸಾಪ್ ಹೇಗೆ ನಡೆಯುತ್ತೆ? ಸಿಗ್ನಲ್ ಇಲ್ಲದಿದ್ದರೆ ಪುಟ್ಟ ಗಡಿಯಾರ ತೋರಿಸಿ ಕಾಯುತ್ತೆ, ಸಿಕ್ಕ ಕೂಡಲೇ ಸಂದೇಶ ತಾನೇ ಹೋಗುತ್ತೆ.

ವಾಟ್ಸಾಪ್‌ನ ಸರ್ವರ್‌ಗಳ ಹಿಂದೆ ಇರೋದು ಎರ್ಲಾಂಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ. ಸ್ವೀಡನ್ನಿನ ಎರಿಕ್‌ಸನ್ ಕಂಪನಿಯಲ್ಲಿ 1986ರಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಶುರು ಮಾಡಿದ್ದು. ರಾಬರ್ಟ್ ವರ್ಡಿಂಗ್, ಮೈಕ್ ವಿಲಿಯಮ್ಸ್ ಜೊತೆಗೂಡಿದರು. ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಹುಟ್ಟಿದ ಭಾಷೆ ಇದು. ಒಂದು ಕರೆ ಕೆಟ್ಟರೆ ಊರಿನ ಕರೆಗಳೆಲ್ಲಾ ಕಟ್ಟಾಗಬಾರದಲ್ಲ!

ಇದರ ಗುಟ್ಟು ಸರಳ. ಕೆಲಸವನ್ನೆಲ್ಲ ಸಾವಿರಾರು ಪುಟ್ಟ ಪ್ರಕ್ರಿಯೆಗಳಿಗೆ ಹಂಚು. ಒಬ್ಬರ ಮೆಮೊರಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ, ಸಂದೇಶ ಕಳಿಸಿಯೇ ಮಾತಾಡಬೇಕು. ಎದುರಿನವನು ಇದೇ ಯಂತ್ರದಲ್ಲಿರಲಿ, ಬೇರೆ ಯಂತ್ರದಲ್ಲಿರಲಿ, ಕಳಿಸುವ ರೀತಿ ಒಂದೇ. ಒಬ್ಬ ಬಿದ್ದರೆ ಮೇಲೊಬ್ಬ ಮೇಸ್ತ್ರಿ ಇರ್ತಾನೆ, ಅವನ ಜಾಗಕ್ಕೆ ಹೊಸಬನನ್ನು ನಿಲ್ಲಿಸ್ತಾನೆ. ಉಳಿದವರ ಕೆಲಸ ನಿಲ್ಲಲ್ಲ. ಉತ್ತರ ಇಂತಿಷ್ಟು ಹೊತ್ತಿನಲ್ಲಿ ಬರದಿದ್ದರೆ ಏನು ಮಾಡಬೇಕು ಅಂತ ಬರೆಯೋಕೂ ಭಾಷೆಯಲ್ಲೇ ಜಾಗ ಇದೆ.

ಅಂದರೆ ಕೆಡೋದು ಸಹಜ ಅಂತ ಒಪ್ಪಿಕೊಂಡೇ ಇಲ್ಲಿ ಬರವಣಿಗೆ ಶುರು. ನಮ್ಮ ಆಪ್‌ಗಳು ಶುರುವಾಗೋದೇ ಏನೂ ಕೆಡೋದಿಲ್ಲ ಅನ್ನೋ ನಂಬಿಕೆಯಿಂದ!

"ಬೆರಳಚ್ಚನ್ನು ಆಗಲೇ ಪರಿಶೀಲಿಸಬೇಕಲ್ಲ?" ಅಂತೀರಾ. ಸರಿ, ಸಿಗ್ನಲ್ಲೇ ಇಲ್ಲದಿದ್ದರೆ ಎರ್ಲಾಂಗ್ ಕೂಡ ಏನೂ ಮಾಡಲಾರದು. ಆದರೆ ಸಿಗ್ನಲ್ ಇದ್ದೂ ತಿಂಗಳ ಮೊದಲ ವಾರದ ರಶ್ಶಿಗೆ ಸರ್ವರ್ ಮಲಗಿದರೆ ಅದಕ್ಕೂ ಹಳ್ಳಿಯೇ ಹೊಣೆಯಾ? ವಾಟ್ಸಾಪ್ 2012ರಲ್ಲೇ ಒಂದೇ ಸರ್ವರ್‌ನಲ್ಲಿ 20 ಲಕ್ಷ ಸಂಪರ್ಕ ಹಿಡಿದು ತೋರಿಸಿತ್ತು.

ದುಡ್ಡಿನ ನೆಪವೂ ಬೇಡ. 1998ರ ಡಿಸೆಂಬರ್‌ನಿಂದ ಎರ್ಲಾಂಗ್ ಮುಕ್ತ ತಂತ್ರಾಂಶ. ಹೋಗಲಿ, ಭಾಷೆ ಯಾವುದಾದರೂ ಇರಲಿ. ಅದರ ಈ ಬುದ್ಧಿಯನ್ನಾದರೂ ಎರವಲು ತನ್ನಿ. ಕೂಲಿ ಬಿಟ್ಟು ಸಾಲಲ್ಲಿ ನಿಂತವರ ಒಂದು ದಿನ ನಿಮ್ಮ 'ಎರರ್' ಸಂದೇಶಕ್ಕಿಂತ ದೊಡ್ಡದು.

ಗಣಕ ಬಲ್ಲ ಬ್ಲಾಗ್ ಗೆಳೆಯರೇ, ಇಂಥದ್ದನ್ನು ಕನ್ನಡದಲ್ಲಿ ಬರೆಯೋಣ. ಮುಂದಿನ ಸಲ ಯಾರಾದರೂ 'ಸರ್ವರ್ ಇಲ್ಲ' ಅಂದರೆ, "ಯಾಕಿಲ್ಲ?" ಅಂತ ಕೇಳೋಕಾದರೂ ನಮ್ಮ ಜನಕ್ಕೆ ಬರಲಿ. ಏನಂತೀರಿ?