ಬಿಟ್ಟ ತೋಟವೇ ರೋಗದ ತೌರುಮನೆ

ಶ್ರೀನಿವಾಸಪುರ, ಮುಳಬಾಗಿಲು ಕಡೆಗೆ ಬಸ್ಸಿನಲ್ಲಿ ಓಡಾಡುವವರು ನೋಡಿಯೇ ಇರುತ್ತೀರಿ. ಟೊಮ್ಯಾಟೊ ಬೆಲೆ ಬಿದ್ದರೆ ಸಾಕು, ಕೀಳುವ ಕೂಲಿಯೂ ಹುಟ್ಟಲ್ಲ ಅಂತ ರೈತ ತೋಟವನ್ನೇ ಕೈಬಿಡುತ್ತಾನೆ. ಹಣ್ಣು ಗಿಡದಲ್ಲೇ ಕೊಳೆಯುತ್ತದೆ. ಅಯ್ಯೋ ಪಾಪ ಎನ್ನುತ್ತೇವೆ, ಮುಂದಿನ ಸ್ಟಾಪಿಗೆ ಮರೆಯುತ್ತೇವೆ.

ಆದರೆ ಆ ತೋಟ ಸುಮ್ಮನೆ ಬಿದ್ದಿರುವುದಿಲ್ಲ ಸ್ವಾಮಿ. ಎಲೆ ಮುದುಡಿ, ಗಿಡ ಗಿಡ್ಡವಾಗಿ, ಕಾಯಿ ಕಟ್ಟದೆ ನಿಲ್ಲುವ ಮುಟುರು ರೋಗಕ್ಕೆ ಕಾರಣ ಒಂದು ವೈರಸ್. ಅದನ್ನು ಹೊತ್ತು ತಿರುಗುವುದು ಎಲೆಯ ಅಡಿ ಕೂರುವ ಚಿಕ್ಕ ಬಿಳಿ ನೊಣ. ಕೇಳುವವರಿಲ್ಲದ ತೋಟದಲ್ಲಿ ಅದು ಸಂಸಾರ ಬೆಳೆಸಿ, ಪಕ್ಕದವನ ಎಳೇ ಪೈರಿಗೆ ಹಾರುತ್ತದೆ. ಮೆಣಸಿನ ಗಿಡಕ್ಕೂ ಇಂಥದೇ ಕಾಟ. ನಾಟಿಯಾದ ಮೊದಲ ಮೂರ್ನಾಲ್ಕು ವಾರದಲ್ಲಿ ತಗುಲಿತೋ, ಫಸಲು ಕೈಗೆ ಬಂದ ಹಾಗೆಯೇ!

ಇದು ಹೊಸದೇನಲ್ಲ. 1999ರಲ್ಲೇ ಕೋಲಾರದಲ್ಲಿ ಬಿಳಿ ನೊಣದ ಹೊಸ ಬಗೆಯೊಂದು ಕಾಣಿಸಿ ರೋಗ ವಿಪರೀತವಾಯಿತು. 2023ರ ಜುಲೈನಲ್ಲಿ ನಮ್ಮ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸ್ 2000 ರೂಪಾಯಿ ದಾಟಿದಾಗ ಎಷ್ಟೋ ರೈತರ ಬಳಿ ಮಾಲೇ ಇರಲಿಲ್ಲ. ಅದಕ್ಕೆ ಈ ರೋಗವೂ ಒಂದು ಕಾರಣ.

ರೋಗ ಹಿಡಿದ ಗಿಡಕ್ಕೆ ಮದ್ದಿಲ್ಲ. ಔಷಧಿ ಹೊಡೆದರೆ ನೊಣ ಸಾಯಬಹುದು, ವೈರಸ್ ಸಾಯದು. ಎಲೆ ಮುದುಡಿದ ಮೇಲೆ ಸಾಲ ಮಾಡಿ ಡಬ್ಬಿ ಡಬ್ಬಿ ಸುರಿಯುವುದು ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಔಷಧಿ ಅಂಗಡಿಯವರು ಈ ಮಾತನ್ನು ರೈತನಿಗೆ ನೇರವಾಗಿ ಹೇಳಬೇಕು. ಅವನು ಮುಳುಗಿದರೆ ಪೇಟೆಯ ಉದ್ರಿ ಪುಸ್ತಕಗಳೂ ಮುಳುಗುತ್ತವೆ.

ಮಾಡಬೇಕಾದ್ದು ಮೊದಲೇ ಮಾಡಬೇಕು. ಸಸಿಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ, ಹೊಲದ ಸುತ್ತ ಮುಸುಕಿನ ಜೋಳದ ಸಾಲು, ರೋಗದ ಗಿಡ ಕಂಡ ಕೂಡಲೇ ಕಿತ್ತು ಹೂಳುವುದು. ರೋಗ ತಡೆಯುವ ತಳಿಗಳೂ ಇವೆ: ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ನಂದಿ, ಸಂಕ್ರಾಂತಿ, ವೈಭವ್, ಹೆಸರಘಟ್ಟದ ಅರ್ಕಾ ರಕ್ಷಕ್.

ಇಷ್ಟೆಲ್ಲ ಒಬ್ಬ ಮಾಡಿ, ಪಕ್ಕದವನು ಹಳೇ ತೋಟ ಹಾಗೇ ಬಿಟ್ಟರೆ ಏನು ಬಂತು? ಬೆಲೆ ಬಿದ್ದು ಕೈ ಬರಿದಾದವನಿಗೆ ಗಿಡ ಕೀಳಿಸು ಎಂದು ಬುದ್ಧಿ ಹೇಳುವುದು ಸುಲಭ, ಕೂಲಿ ಕೊಡುವವರು ಯಾರು? ತೋಟಗಾರಿಕೆ ಇಲಾಖೆ, ಪಂಚಾಯಿತಿಗಳು ಸೇರಿ ಆ ಕೂಲಿಯ ಹಣಕ್ಕೊಂದು ದಾರಿ ಮಾಡಲಿ. ಹಳೇ ಗಿಡ ಕೀಳುವ ಕೆಲಸ ಊರಿಗೆ ಊರೇ ಒಂದೇ ವಾರದಲ್ಲಿ ಮುಗಿಯಲಿ. ಬೆಳೆ ಹೋದ ಮೇಲೆ ಪರಿಹಾರ ಹಂಚುವುದಕ್ಕಿಂತ ಇದು ಅಗ್ಗ. ಸಂಬಂಧಪಟ್ಟವರು ಮುಂದಿನ ನಾಟಿಗೆ ಮೊದಲೇ ಕಣ್ಣು ತೆರೆಯಲಿ.